ನೊರೆ ಬರದ ಬಾಟಲಿ

ಬಾಟಲಿಯ ಮುಂಭಾಗ ಓದುವವರು ಗಿರಾಕಿಗಳು, ಹಿಂಭಾಗ ಓದುವವಳು ನಾನು. ಸೌದಿಯ ಅಲ್ ಖೋಬರಿನ ಈ ಸೌಂದರ್ಯ ಸಾಮಗ್ರಿಯ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ನನ್ನ ನಿಜವಾದ ಕೆಲಸ ಅದೊಂದೇ. ಮುಂಭಾಗದಲ್ಲಿ ಗುಲಾಬಿ, ಜೇನು, ಮುತ್ತು, ಕಾಂತಿ ಎಂದೆಲ್ಲ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಒಳಗೆ ಏನಿದೆ ಎನ್ನುವುದನ್ನು ಹಿಂದೆ, ಕನ್ನಡಕ ಇದ್ದವರಿಗೂ ಕಾಣದಷ್ಟು ಸಣ್ಣದಾಗಿ ಬರೆದಿರುತ್ತಾರೆ. ಯಾವುದನ್ನು ಹೆಚ್ಚು ಹಾಕಿದ್ದಾರೋ ಅದರ ಹೆಸರು ಮೊದಲು, ಚಿಟಿಕೆಯಷ್ಟು ಹಾಕಿದ್ದು ಕೊನೆಗೆ. ಮೊದಲಿನ ಆರೇಳು ಹೆಸರು ಓದಿದರೆ ಆ ಫೇಸ್‌ವಾಶ್ ಯಾರ ಮುಖಕ್ಕೆ ಹಿತ, ಯಾರ ಮುಖಕ್ಕೆ ಕೇಡು ಎಂದು ನಾನು ಹೇಳಬಲ್ಲೆ. ಜಂಬ ಎಂದುಕೊಂಡರೂ ಸರಿ. ನನ್ನ ಹತ್ತಿರ ಜಂಬಪಡಲು ಬೇರೇನೂ ಇರಲಿಲ್ಲ.

ನನ್ನ ಹೆಸರು ವಸಂತಿ, ಊರು ಮುಲ್ಕಿ. ಬಿ. ಫಾರ್ಮಾ ಓದಿ, ಮಂಗಳೂರಿನ ಒಂದು ಸಾಬೂನು ಕಾರ್ಖಾನೆಯ ಲ್ಯಾಬಿನಲ್ಲಿ ಆರು ವರ್ಷ ದುಡಿದು, ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡ ನೋಣಯ ದಹ್ರಾನಿನಲ್ಲಿ ಟೆಕ್ನೀಶಿಯನ್. ಪಾಳಿಯ ಕೆಲಸ, ವಾರದಲ್ಲಿ ಐದು ದಿನ ಅಲ್ಲಿನ ಕ್ಯಾಂಪಿನಲ್ಲೇ ವಾಸ. ಮಗಳು ದೀಪ್ತಿ ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಹನ್ನೆರಡನೇ ತರಗತಿ.

ಅಂಗಡಿ ಭಟ್ಕಳದ ಇಕ್ರಾಮುಲ್ಲಾ ಸಾಹೇಬರದು. ಮೊದಲು ನಾನು ಕೌಂಟರಿನಲ್ಲೇ ನಿಲ್ಲುತ್ತಿದ್ದೆ. ಅಲ್ಲಿ ಈ ದೇಶದ ಹುಡುಗಿಯರೇ ಇರಬೇಕೆಂಬ ನಿಯಮ ಬಿಗಿಯಾದ ಮೇಲೆ ಸಾಹೇಬರು ನನ್ನನ್ನು ಹಿಂದಿನ ಗೋದಾಮಿಗೆ ಕಳಿಸಿ, ಮುಂದೆ ಬಸ್ಮಾ ಎಂಬ ಹುಡುಗಿಯನ್ನು ನಿಲ್ಲಿಸಿದರು. ನನ್ನ ಇಕಾಮಾದಲ್ಲಿ, ಅಂದರೆ ಈ ದೇಶದಲ್ಲಿ ಇರಲು ಕೊಡುವ ಪರವಾನಗಿಯಲ್ಲಿ, ಉದ್ಯೋಗ ಎಂದಿರುವ ಕಡೆ 'ಗೋದಾಮು ಕೆಲಸ' ಎಂದಾಯಿತು. ಬಸ್ಮಾ ಒಳ್ಳೆಯ ಹುಡುಗಿ, ಆದರೆ ಗ್ಲಿಸರಿನ್‌ಗೂ ಗಂಜಿ ನೀರಿಗೂ ವ್ಯತ್ಯಾಸ ಗೊತ್ತಿಲ್ಲ. ಗಿರಾಕಿ ಏನಾದರೂ ಕೇಳಿದರೆ ಅವಳು ಮೆಲ್ಲಗೆ ನನಗೆ ವಾಟ್ಸಾಪ್ ಮಾಡುತ್ತಾಳೆ: 'ಎಣ್ಣೆ ಮುಖ, ಹದಿನೆಂಟು ವರ್ಷ, ಮೊಡವೆ.' ನಾನು ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು ಉತ್ತರ ಬರೆಯುತ್ತೇನೆ: 'ಸ್ಯಾಲಿಸಿಲಿಕ್ ಆಮ್ಲ ಇರುವುದು, ಹಸಿರು ಮುಚ್ಚಳ. ದಿನಕ್ಕೆ ಒಂದೇ ಸಲ ಎಂದು ಹೇಳು.' 'ಒಣ ಮುಖ, ತೊಳೆದರೆ ಚರ್ಮ ಬಿಗಿಯುತ್ತದಂತೆ.' 'ಸಲ್ಫೇಟ್ ಇರುವ ಯಾವುದನ್ನೂ ಕೊಡಬೇಡ. ಮನೆಯಲ್ಲಿ ಉಪ್ಪು ನೀರಿನ ನಲ್ಲಿಯೋ ಸಿಹಿ ನೀರಿನದೋ ಕೇಳು.' ಗಿರಾಕಿಗಳು ಬಸ್ಮಾಳನ್ನು ಡಾಕ್ಟರ್ ಎಂದು ಕರೆಯುತ್ತಿದ್ದರು. ಹೊಟ್ಟೆ ಉರಿಯುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಕಳೆದ ನವೆಂಬರಿನಲ್ಲಿ ಸಾಹೇಬರ ಮಗ ತಮೀಮನಿಗೆ ಭಟ್ಕಳದ ಹುಡುಗಿ ಗೊತ್ತಾಯಿತು. ಹುಡುಗಿಯ ಹೆಸರು ಖೌಲಾ. ಗಂಡಿನ ಮನೆಯಿಂದ ಹೆಣ್ಣಿಗೆ ಒಂದು ಪೆಟ್ಟಿಗೆ ಹೋಗಬೇಕು. ಬಟ್ಟೆ, ಅತ್ತರು, ಚಪ್ಪಲಿ, ಮುಖಕ್ಕೆ ಹಚ್ಚುವುದು, ತೊಳೆಯುವುದು, ಎಲ್ಲ. ಆ ಪೆಟ್ಟಿಗೆಯನ್ನು ಹೆಣ್ಣಿನ ಮನೆಯಲ್ಲಿ ಹೆಂಗಸರೆಲ್ಲ ಸುತ್ತ ಕೂತು ಬಿಚ್ಚುತ್ತಾರೆ, ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಗಲ್ಫಿನಲ್ಲಿ ಅಂಗಡಿ ಇಟ್ಟವರ ಪೆಟ್ಟಿಗೆಯೆಂದರೆ ಕೇಳಬೇಕೆ? ಸಾಹೇಬರ ಹೆಂಡತಿ ಝಾಹಿದಾ ಮೇಡಂ ಹದಿನೈದು ದಿನ ಅದೊಂದೇ ಧ್ಯಾನದಲ್ಲಿದ್ದರು.

ಒಂದು ಬೆಳಿಗ್ಗೆ ಮೊಬೈಲು ಹಿಡಿದುಕೊಂಡು ಗೋದಾಮಿಗೇ ಬಂದರು.

"ವಸಂತಿ, ಹುಡುಗಿ ಬಂಗಾರದಂಥವಳು. ಮುಖ ಮಾತ್ರ ಎಂತ ಹಚ್ಚಿದ್ರೂ ಸ್ವಲ್ಪ ಕೆಂಪಾಗ್ತದಂತೆ. ವಿಡಿಯೋ ಹಾಕ್ತೇನೆ, ನೀನೇ ನೋಡಿ ಹೇಳು."

ಪರದೆಯಲ್ಲಿ ಹುಡುಗಿ ಬಂದಳು. ಇಪ್ಪತ್ತೆರಡು ವರ್ಷವಿರಬಹುದು, ಭಾವಿ ಅತ್ತೆಯ ಎದುರಿನ ನಾಚಿಕೆ. ಕೆನ್ನೆಯ ಮೇಲೆ ಎರಡೂ ಕಡೆ ಒರಟು ಕೆಂಪು, ಹುಬ್ಬಿನ ಹತ್ತಿರ ಸಿಪ್ಪೆ ಏಳುತ್ತಿತ್ತು. ಅಷ್ಟರಲ್ಲಿ ಬಸ್ಮಾ ಕರೆದಳೆಂದು ಮೇಡಂ ಮೊಬೈಲನ್ನು ನನ್ನ ಕೈಗೆ ಕೊಟ್ಟು ಮುಂದೆ ಹೋದರು. ಅವರು ಹೋದದ್ದೇ ತಡ ಹುಡುಗಿ ದನಿ ತಗ್ಗಿಸಿದಳು.

"ಆಂಟಿ, ಚಿಕ್ಕವಳಿರುವಾಗಿಂದ ಎಸ್ಜಿಮಾ ಉಂಟು ನನಗೆ. ಸಾಬೂನು ತಾಗಿದ್ರೆ ಬೆಂಕಿ ಇಟ್ಟ ಹಾಗಾಗ್ತದೆ. ಅಲ್ಲಿ ಯಾರಿಗೂ ಹೇಳ್ಬೇಡಿ ಆಂಟಿ, ಪ್ಲೀಸ್."

"ಹೇಳುದಿಲ್ಲ ಮಗಾ," ಎಂದೆ. ಆ ಮಾತನ್ನು ನಾನು ಇವತ್ತಿನವರೆಗೂ ಉಳಿಸಿಕೊಂಡಿದ್ದೇನೆ.

ಮೇಡಂ ವಾಪಸು ಬಂದಾಗ ನಾನು ಅವರ ಮುಂದೆ ಒಂದು ಬಿಳಿ ಬಾಟಲಿ ಇಟ್ಟೆ. ಸೂಕ್ಷ್ಮ ಚರ್ಮಕ್ಕೆಂದೇ ಮಾಡಿದ್ದು. ನೀರು, ಗ್ಲಿಸರಿನ್, ಸೆರಾಮೈಡ್, ಇನ್ನು ನಾಲ್ಕೈದು ಸಾಧು ವಸ್ತುಗಳು. ಪರಿಮಳವಿಲ್ಲ, ಬಣ್ಣವಿಲ್ಲ, ಸಲ್ಫೇಟ್ ಇಲ್ಲ. ಝಾಹಿದಾ ಮೇಡಂ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಇದೆಂತ ವಸಂತಿ, ಆಸ್ಪತ್ರೆಯ ಔಷಧಿ ಬಾಟ್ಲಿಯ ಹಾಗೆ ಉಂಟು? ಮದುಮಗಳ ಪೆಟ್ಟಿಗೆಯಲ್ಲಿ ಇದನ್ನ ಇಟ್ರೆ ಆ ಹೆಂಗಸರು ಎಂತ ಹೇಳ್ಲಿಕ್ಕಿಲ್ಲ? ಹುಡುಗಿಗೆ ರೋಗ ಉಂಟು ಅಂತ ಊರೆಲ್ಲ ಡಂಗುರ ಹೊಡಿತಾರೆ. ಇಲ್ಲದಿದ್ರೆ ನಾವು ಜಿಪುಣರು ಅಂತ. ಅದು ಕೊಡು, ಆ ಬಂಗಾರದ್ದು."

ಬಂಗಾರದ್ದು ಎಂದರೆ ನಮ್ಮ ಅಂಗಡಿಯ ಅತ್ಯಂತ ದುಬಾರಿ ಫೇಸ್‌ವಾಶ್. ಬಾಟಲಿ ಚಿನ್ನದ ಬಣ್ಣ, ಪಂಪಿನ ತಲೆಯ ಮೇಲೆ ಕಿರೀಟ. ಹಿಂಭಾಗ ನಾನು ಓದಿದ್ದೆ. ನೀರಾದ ಮೇಲೆ ಸಲ್ಫೇಟ್, ಅದರ ಹಿಂದೆಯೇ ಗ್ಲೈಕಾಲಿಕ್ ಆಮ್ಲ, ಆಮೇಲೆ ಪರಿಮಳ. ಚಿನ್ನದ ಹೆಸರು ಎಲ್ಲಕ್ಕಿಂತ ಕೊನೆಗೆ, ಕೆಡದಂತೆ ಹಾಕುವ ರಾಸಾಯನಿಕದಿಂದಲೂ ಆಚೆ. ದಪ್ಪ ಚರ್ಮದವರು ಬಳಸಿದರೆ ಹೊಳಪು ಬರುತ್ತದೆ. ಖೌಲಾಳಂಥ ಮುಖಕ್ಕೆ ಅದು ಸುಟ್ಟ ಗಾಯದ ಮೇಲೆ ನಿಂಬೆ ಹಿಂಡಿದ ಹಾಗೆ.

"ಮೇಡಂ, ಇದರಲ್ಲಿ ಆಸಿಡ್ ಉಂಟು. ಮದುವೆ ದಿನ ಹುಡುಗಿಯ ಮುಖ ಟೊಮೆಟೊ ಆಗ್ತದೆ," ಎಂದೆ.

ಅವರು ಸ್ವಲ್ಪ ಹೊತ್ತು ಎರಡೂ ಬಾಟಲಿ ನೋಡಿದರು. ಆಮೇಲೆ ಮುಖ ಅರಳಿತು.

"ಹಾಗಾದ್ರೆ ಒಂದು ಕೆಲ್ಸ ಮಾಡು. ಬಂಗಾರದ್ದನ್ನ ಖಾಲಿ ಮಾಡಿ, ಒಳಗೆ ಈ ಬಿಳಿದು ತುಂಬಿಸು. ನೋಡುವವರಿಗೆ ಬಂಗಾರ, ಹುಡುಗಿಗೆ ಔಷಧಿ. ಹುಡುಗಿಗೂ ಹೇಳುದು ಬೇಡ."

ನನಗೂ ಅದು ಬುದ್ಧಿವಂತಿಕೆಯೇ ಎನಿಸಿತು. ಇದೇ ನಾನು ಮಾಡಿದ ತಪ್ಪು, ಬೇರೇನಲ್ಲ. ಹುಡುಗಿಯ ಮುಖ ಉಳಿಯುತ್ತದಲ್ಲ ಎಂದು ಖುಷಿಯಿಂದಲೇ ಕೂತೆ. ಚಿನ್ನದ ಬಾಟಲಿ ಖಾಲಿ ಮಾಡಿ, ಬಿಸಿನೀರಲ್ಲಿ ತೊಳೆದು, ಒಣಗಿಸಿ, ಬಿಳಿಯದನ್ನು ತುಂಬಿದೆ. ಪಂಪು ಬಿಗಿದು, ಮೇಲೆ ಪ್ಲಾಸ್ಟಿಕ್ ಪೊರೆ ಸುತ್ತಿ, ಹೇರ್ ಡ್ರೈಯರ್ ಹಿಡಿದು ಅಂಟಿಸಿದೆ. ಕಂಪನಿಯವರಿಗೇ ಗೊತ್ತಾಗಬಾರದು, ಅಷ್ಟು ಚಂದ. ನಡುವೆ ಬಸ್ಮಾ ಬಂದು ನೋಡಿ, ಏನಿದು ಎಂದು ಕಣ್ಣಲ್ಲೇ ಕೇಳಿದಳು. "ಮೇಡಂ ಹೇಳಿದ್ದು," ಎಂದೆ. ಹೊರತೆಗೆದ ಚಿನ್ನದ ದ್ರವವನ್ನು ಚೆಲ್ಲಲು ಮನಸ್ಸಾಗಲಿಲ್ಲ. ಲ್ಯಾಬಿನಲ್ಲಿದ್ದಾಗಿನ ಅಭ್ಯಾಸ, ಏನು ಬದಲಾಯಿಸಿದರೂ ಮೊದಲಿನದರ ಸ್ಯಾಂಪಲ್ ಇಡಬೇಕು. ಒಂದು ಗಾಜಿನ ಭರಣಿಗೆ ಹಾಕಿ, ಚೀಟಿ ಅಂಟಿಸಿ, ಫೇಸ್‌ವಾಶಿನ ಹೆಸರು, ತಾರೀಖು, ಕೆಳಗೆ ನನ್ನ ಸಹಿ ಹಾಕಿ ಕಪಾಟಿನಲ್ಲಿಟ್ಟೆ.

ಪೆಟ್ಟಿಗೆ ದಮ್ಮಾಮಿನಿಂದ ಮಂಗಳೂರಿಗೆ ಹಾರಿ, ಅಲ್ಲಿಂದ ಭಟ್ಕಳ ಸೇರಿತು. ಹೆಂಗಸರು ಬಿಚ್ಚಿದರು, ಹೊಗಳಿದರು. ಖೌಲಾ ದಿನವೂ ಅದರಲ್ಲೇ ಮುಖ ತೊಳೆದಳು. ಎರಡು ವಾರ ಎಲ್ಲ ಚೆನ್ನಾಗಿತ್ತು.

ಆ ಮನೆಯಲ್ಲಿ ಒಬ್ಬರು ದೊಡ್ಡಮ್ಮ ಇದ್ದರು. ದುಬೈನಲ್ಲಿ ಹತ್ತು ವರ್ಷ ಇದ್ದು ಬಂದವರು, ಅದೇ ಚಿನ್ನದ ಫೇಸ್‌ವಾಶ್ ಬಳಸಿದವರು. ಒಂದು ದಿನ ಆಸೆಯಾಗಿ ಎರಡು ಸಲ ಪಂಪು ಒತ್ತಿ ಮುಖಕ್ಕೆ ಉಜ್ಜಿದರಂತೆ. ನೊರೆ ಬರಲಿಲ್ಲ. ಬರುವುದಾದರೂ ಹೇಗೆ? ನೊರೆ ಬರಿಸುವುದೇ ಸಲ್ಫೇಟ್, ಚರ್ಮದ ಜಿಡ್ಡನ್ನೆಲ್ಲ ಕಿತ್ತು ಒಣಗಿಸುವುದೂ ಅದೇ. ನಮ್ಮ ಜನಕ್ಕೆ ನೊರೆ ಎದ್ದರೆ ಮಾತ್ರ ತೊಳೆದ ಹಾಗೆ. ದೊಡ್ಡಮ್ಮ ಮೂಸಿದರು, ಪರಿಮಳವೂ ಇಲ್ಲ. ತಕ್ಷಣ ಮೊಬೈಲು ಎತ್ತಿಕೊಂಡರು. ಅವರ ವಾಯ್ಸ್ ಮೆಸೇಜನ್ನು ಆಮೇಲೆ ನನಗೂ ಕೇಳಿಸಿದರು:

"ಖೋಬರಿನಲ್ಲಿ ಅಷ್ಟು ದೊಡ್ಡ ಅಂಗಡಿ ಇಟ್ಕೊಂಡು ಸೊಸೆಗೆ ಡೂಪ್ಲಿಕೇಟ್ ಮಾಲ್ ಕಳಿಸ್ಲಿಕ್ಕೆ ನಾಚಿಕೆ ಆಗ್ಲಿಲ್ವಾ ನಿಮಗೆ? ಪೆಟ್ಟಿಗೆಯಲ್ಲೇ ಹೀಗೆ ಮಾಡಿದವರು ಮುಂದೆ ಹುಡುಗಿಯನ್ನ ಹೇಗೆ ನೋಡ್ತೀರಿ?"

ವ್ಯಾಪಾರಿಯನ್ನು ಬೇರೆ ಏನೆಂದು ಬೈದರೂ ತಡೆದುಕೊಂಡಾನು, ಡೂಪ್ಲಿಕೇಟ್ ಎಂದರೆ ತಡೆದುಕೊಳ್ಳಲಾರ. ಅದೂ ಬೀಗರ ಬಾಯಲ್ಲಿ. ಮದುವೆಗೆ ಹನ್ನೊಂದು ದಿನ ಉಳಿದಿತ್ತು.

ಸಾಹೇಬರು ನನ್ನನ್ನು ಆಫೀಸಿಗೆ ಕರೆಸಿದರು. ಝಾಹಿದಾ ಮೇಡಂ ಸೋಫಾದ ಮೂಲೆಯಲ್ಲಿದ್ದರು. ಮೇಜಿನ ಮೇಲೆ ನನ್ನ ಭರಣಿ, ಅದರ ಮೇಲೆ ನನ್ನ ಸಹಿ. ಸಾಹೇಬರು ಬಸ್ಮಾಳನ್ನೂ ಕರೆಸಿ, ಬಾಟಲಿ ಬದಲಾಯಿಸಿದ್ದನ್ನು ನೋಡಿದ್ದೀಯಾ ಎಂದು ಅರಬಿಯಲ್ಲಿ ಕೇಳಿದರು. ನೋಡಿದ್ದೇನೆ, ಆದರೆ ಮೇಡಂ ಹೇಳಿದ್ದೆಂದು ವಸಂತಿ ನನಗೆ ಹೇಳಿದಳು ಎಂದಳು ಅವಳು. "ಸಾಕು, ನೀನು ಹೋಗು," ಎಂದರು ಸಾಹೇಬರು. ಅವರಿಗೆ ಬೇಕಾಗಿದ್ದುದು ಮೊದಲರ್ಧ ಮಾತ್ರ.

"ಸಾಹೇಬ್ರೇ, ಮೇಡಮ್ಮೇ ಹೇಳಿದ್ದು. ಕೇಳಿ ಬೇಕಾದ್ರೆ," ಎಂದೆ. ಮೇಡಂ ಬಳೆ ತಿರುಗಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಗೊತ್ತುಂಟು ವಸಂತಿ," ಎಂದರು ಸಾಹೇಬರು. ಅವರು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ನನಗಾಗಿ ಸುಲೈಮಾನಿ ಚಹಾ ತರಿಸಿ ಮುಂದಿಟ್ಟರು. "ಯಾರು ಹೇಳಿದ್ದು, ಯಾರು ಮಾಡಿದ್ದು, ಅದೆಲ್ಲ ನಮ್ಮೊಳಗೆ ಇರ್ಲಿ. ಈಗ ಅವರಿಗೆ ಎಂತ ಹೇಳುದು? ನಾವೇ ಬದ್ಲಿಸಿದ್ದು ಅಂದ್ರೆ ಯಾಕೆ ಅಂತ ಕೇಳ್ತಾರೆ. ನಿಮ್ಮ ಹುಡುಗಿಯ ಮುಖ ಸರಿ ಇಲ್ಲ, ಅದಕ್ಕೆ ಅಂತ ಹೇಳ್ಲಿಕ್ಕಾಗ್ತದಾ? ಸಂಬಂಧ ಮುರೀತದೆ. ನೀವೊಂದು ವಾಯ್ಸ್ ಕಳಿಸಿ. ಅಂಗಡಿಯಲ್ಲಿ ಕೆಲಸ ಮಾಡುವವಳು ನಾನು, ಆಸೆಯಾಗಿ ಒಳಗಿದ್ದದ್ದು ತೆಗ್ದು ಬೇರೆ ತುಂಬಿಸಿದೆ, ಸಾಹೇಬರಿಗೆ ಗೊತ್ತಿರ್ಲಿಲ್ಲ, ಮಾಫ್ ಮಾಡಿ ಅಂತ. ಇಷ್ಟೇ."

"ಅಂದ್ರೆ ನಾನು ಕದ್ದೆ ಅಂತ."

"ಆ ಶಬ್ದ ಎಲ್ಲ ಯಾಕೆ?" ಎಂದರು. ಆಮೇಲೆ, ಈಗಷ್ಟೇ ನೆನಪಾದವರ ಹಾಗೆ, "ನಿಮ್ಮ ಇಕಾಮಾ ಜನವರಿಗೆ ಮುಗೀತದಲ್ಲ? ಮಗಳಿಗೆ ಪರೀಕ್ಷೆ ಫೆಬ್ರವರಿಯಲ್ಲಿ ಅಲ್ವಾ?" ಎಂದು ಕೇಳಿದರು.

ನನ್ನ ಇಕಾಮಾ ಅವರ ಅಂಗಡಿಯ ಹೆಸರಿನಲ್ಲಿತ್ತು. ಅವರು ಬೇಡವೆಂದರೆ ನಾನು ದೇಶ ಬಿಡಬೇಕು. ಅಪ್ಪ ಕ್ಯಾಂಪಿನಲ್ಲಿ, ಅಮ್ಮ ಊರಿನಲ್ಲಿ, ಹದಿನೇಳರ ಹುಡುಗಿ ಫ್ಲಾಟಿನಲ್ಲಿ ಒಬ್ಬಳೇ ಕೂತು ಬೋರ್ಡ್ ಪರೀಕ್ಷೆ ಬರೆಯಬೇಕು. ನನ್ನ ಮೇಲೆ ಕಳ್ಳತನದ ದೂರನ್ನೂ ಕೊಟ್ಟರೆ ಮುಂದೆ ಈ ಕಡೆ ತಲೆ ಹಾಕುವಂತಿಲ್ಲ. ಹೊರಗೆ ಬಂದು ನೋಣಯರಿಗೆ ಫೋನ್ ಮಾಡಿದೆ. ಹಿಂದೆ ಯಂತ್ರದ ಸದ್ದು.

"ಹೇಳಿ ಬಿಡು ಮಾರಾಯ್ತಿ," ಎಂದರು. "ಯಾರೋ ಭಟ್ಕಳದ ಹೆಂಗಸರು ಕೇಳಿದ್ರೆ ನಮಗೆಂತ? ನಾವು ಅವರ ಮನೆ ಊಟಕ್ಕೆ ಹೋಗ್ಲಿಕ್ಕುಂಟಾ?"

ಗಂಡನ ಮೇಲೆ ಅವತ್ತು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ.

ವಾಯ್ಸನ್ನು ಮೂರು ಸಲ ಹೇಳಬೇಕಾಯಿತು. ಮೊದಲನೆಯದರಲ್ಲಿ ನನ್ನ ದನಿ ಜಗಳಕ್ಕೆ ನಿಂತ ಹಾಗಿತ್ತು. ಎರಡನೆಯದರಲ್ಲಿ 'ಆಸೆಯಾಗಿ' ಎಂಬಲ್ಲಿ ತಡವರಿಸಿದೆ. "ಸ್ವಲ್ಪ ಮೆತ್ತಗೆ, ವಸಂತಿ," ಎಂದರು ಸಾಹೇಬರು, ಮಗುವಿಗೆ ಪಾಠ ಹೇಳಿಕೊಡುವವರ ಹಾಗೆ. ಮೂರನೆಯದು ಒಪ್ಪಿಗೆಯಾಯಿತು. ಜೊತೆಗೆ ಭರಣಿಯ ಫೋಟೋ ಹೋಯಿತು, ಅಸಲಿ ಮಾಲು ಸಿಕ್ಕಿದೆ ಎನ್ನುವುದಕ್ಕೆ ಪುರಾವೆಯಾಗಿ. ನನ್ನ ಸಹಿ ಅದರಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು. ಅದೇ ವಾರ ಹೊಸ ಚಿನ್ನದ ಬಾಟಲಿಗಳು ಭಟ್ಕಳಕ್ಕೆ ಹೋದವು. ಒಂದಲ್ಲ, ಎರಡು.

ಖೌಲಾಳಿಗೆ ಎಲ್ಲ ಗೊತ್ತಾಗಿರಲೇಬೇಕು. ಆ ಎರಡು ವಾರ ಉರಿಯದ ಅವಳ ಮುಖವೇ ಸಾಕ್ಷಿ. ಅವಳು ಬಾಯಿಬಿಟ್ಟು ಒಂದು ಮಾತು ಹೇಳಿಯಾಳು ಎಂದು ನಾನು ನಾಲ್ಕು ದಿನ ಕಾದೆ. ಅವಳು ಹೇಳಲಿಲ್ಲ. ಮದುವೆ ಆಯಿತು.

ಭಟ್ಕಳದ ಹೆಂಗಸರು ಕೇಳಿದರೆ ನಮಗೇನು ಎಂದಿದ್ದರಲ್ಲ ಇವರು? ವಾಯ್ಸ್ ಮೆಸೇಜಿಗೆ ಇಕಾಮಾವೂ ಬೇಡ, ವೀಸಾವೂ ಬೇಡ. ಅದು ಭಟ್ಕಳಕ್ಕೆ ಹೋಗಿ, ಸುತ್ತಾಡಿ, ಖೋಬರಿಗೇ ವಾಪಸು ಬಂತು. ದೀಪ್ತಿಯ ಕ್ಲಾಸಿನಲ್ಲಿ ಮರ್ವಾ ಎಂಬ ಹುಡುಗಿಯ ತಾಯಿ ಆ ಕಡೆಯ ನೆಂಟರು. ಒಂದು ಸಂಜೆ ಶಾಲೆಯ ಬಸ್ಸಿನಿಂದ ಇಳಿದ ದೀಪ್ತಿ ಬ್ಯಾಗನ್ನೂ ಕೆಳಗಿಡದೆ ಮೊಬೈಲನ್ನು ನನ್ನ ಕಿವಿಯ ಹತ್ತಿರ ಹಿಡಿದಳು.

"ಅಮ್ಮಾ, ಇದು ನಿನ್ನ ವಾಯ್ಸಾ? ಯು ಸ್ಟೋಲ್ ಫೇಸ್‌ವಾಶ್? ಸೀರಿಯಸ್ಲಿ?"

ಖೌಲಾಳ ಕಾಯಿಲೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ಕೂತು ವಿವರಿಸಿದೆ. ನಿನ್ನ ಪರೀಕ್ಷೆಗಾಗಿ ಎಂದೂ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ನನಗೋಸ್ಕರ ಅಂತ ಹೇಳ್ಬೇಡ ಅಮ್ಮ. ನಾನು ನಿನ್ನನ್ನ ಕೇಳಿದ್ನಾ?" ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಬಚ್ಚಲಿನಲ್ಲಿ ನಾನು ಆರಿಸಿ ಇಟ್ಟಿದ್ದ ಫೇಸ್‌ವಾಶ್ ಇತ್ತು. ಮರುದಿನದಿಂದ ಅವಳು ಅದನ್ನು ಮುಟ್ಟಲಿಲ್ಲ. ನಾನು ಮತ್ತೆ ಕೇಳಲು ಹೋಗಲಿಲ್ಲ.

ಜನವರಿಯಲ್ಲಿ ಇಕಾಮಾ ನವೀಕರಣವಾಯಿತು. ಸಾಹೇಬರು ಮಾತಿಗೆ ತಪ್ಪಲಿಲ್ಲ. ದುಬಾರಿ ಮಾಲಿನ ಕಪಾಟಿಗೆ ಮಾತ್ರ ಬೀಗ ಹಾಕಿಸಿ ಕೀಲಿಯನ್ನು ಬಸ್ಮಾಳ ಕೈಗೆ ಕೊಟ್ಟರು. ಹೊರಗಿನವರ ಕಣ್ಣಿಗೆ ಅಂತ ಅಷ್ಟೆ, ಬೇಜಾರು ಮಾಡ್ಕೊಳ್ಬೇಡಿ ಎಂದರು. ಬಸ್ಮಾ ಈಗಲೂ ಮೆಸೇಜು ಮಾಡುತ್ತಾಳೆ, ನಾನು ಈಗಲೂ ಉತ್ತರಿಸುತ್ತೇನೆ. ಆದರೆ ಹಿಂದಿನಂತೆ ಪ್ರಶ್ನೆ ಕೇಳುವುದಿಲ್ಲ. ಯಾವ ನೀರು, ತೊಳೆದ ಮೇಲೆ ಬಿಗಿಯುತ್ತದೋ ಇಲ್ಲವೋ, ನನಗೇಕೆ? ಎಣ್ಣೆ ಎಂದರೆ ಹಸಿರು, ಒಣ ಎಂದರೆ ನೀಲಿ.

ಮಾರ್ಚ್ ತಿಂಗಳಲ್ಲಿ ಖೌಲಾ ಇಲ್ಲಿಗೆ ಬಂದಳು. ದೀಪ್ತಿಗೆ ಇನ್ನೆರಡು ಪರೀಕ್ಷೆ ಬಾಕಿ ಇದ್ದವು. ಅತ್ತೆ ಸೊಸೆ ಅಂಗಡಿಗೆ ಬಂದಿದ್ದಾರೆಂದು ಬಸ್ಮಾ ಚಹಾ ತರಲು ಹೋದಳು. ಗೋದಾಮಿನ ಬಾಗಿಲಲ್ಲಿ ಕಪ್ಪು ಅಬಾಯಾ ತೊಟ್ಟ ಹುಡುಗಿಯೊಬ್ಬಳು ನಿಂತು, ಹಿಂದೆ ಮುಂದೆ ನೋಡಿ, ನಿಖಾಬ್ ಎತ್ತಿದಳು.

ನಾನು ಎದ್ದು ನಿಂತೆ. ಕೆನ್ನೆಯಿಂದ ಕತ್ತಿನವರೆಗೆ ಚರ್ಮ ಸುಲಿದು ಹಸಿಹಸಿಯಾಗಿತ್ತು. ತುಟಿಯ ಮೂಲೆ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಮಾತಾಡುವಾಗ ಅದು ಮತ್ತೆ ಬಿರಿಯುತ್ತಿತ್ತು.

"ಆಂಟಿ, ನಾನು ಖೌಲಾ. ಅತ್ತೆ ದಿನಾ ಎದುರಿಗೆ ನಿಂತು ತೊಳೆಸ್ತಾರೆ. ಅಸಲಿ ಮಾಲು, ಇನ್ನೊಮ್ಮೆ ಯಾರೂ ಡೂಪ್ಲಿಕೇಟ್ ಅಂತ ಹೇಳ್ಬಾರ್ದು, ನೊರೆ ಬರ್ಲಿ, ಚೆನ್ನಾಗಿ ಉಜ್ಜು ಅಂತಾರೆ. ಇಲ್ಲಿಯ ನೀರು ಹೊಂದಿಕೆ ಆಗ್ಲಿಲ್ಲ, ಆಮೇಲೆ ಸರಿ ಆಗ್ತದೆ ಅಂತಾರೆ." ಅವಳು ಚೀಲದಿಂದ ಚಿನ್ನದ ಬಾಟಲಿ ತೆಗೆದಳು. ಮುಕ್ಕಾಲು ಖಾಲಿಯಾಗಿತ್ತು. "ಮೊದಲು ನೀವು ತುಂಬಿಸಿದ್ದಿರಲ್ಲ, ಅದರಲ್ಲಿ ಉರಿ ಇರ್ಲಿಲ್ಲ. ನನ್ನ ಜೀವಮಾನದಲ್ಲಿ ಆ ಹದಿನೈದು ದಿನ ಮಾತ್ರ ಮುಖ ತಣ್ಣಗಿತ್ತು. ಇದಕ್ಕೆ ಅದನ್ನೇ ತುಂಬಿಸಿ ಕೊಡಿ ಆಂಟಿ. ಅತ್ತೆಗೆ ಗೊತ್ತಾಗುದು ಬೇಡ. ನೊರೆ ಇಲ್ಲಾಂದ್ರೆ ನಾನು ಏನಾದ್ರೂ ಹೇಳ್ತೇನೆ."

"ಆವಾಗ ಯಾಕೆ ಹೇಳ್ಲಿಲ್ಲ ನೀನು?" ಎಂದು ಕೇಳಿದೆ. ಕೇಳಬಾರದೆಂದುಕೊಂಡಿದ್ದೆ, ಬಾಯಿ ತಡೆಯಲಿಲ್ಲ.

"ಎಂತ ಹೇಳ್ಲಿ ಆಂಟಿ? ಹೇಳಿದ್ರೆ ನನ್ನ ಕಾಯಿಲೆಯ ವಿಷಯ ಬರ್ತಿತ್ತು. ಮದುವೆ ನಿಲ್ತಿತ್ತು." ಅವಳ ಕಣ್ಣಿಂದ ನೀರು ಇಳಿಯಿತು. ಉಪ್ಪು ಕಣ್ಣೀರು ಆ ಚರ್ಮಕ್ಕೆ ತಾಗಿದಾಗ ಅವಳು ಹಲ್ಲು ಕಚ್ಚಿದ್ದು ನನಗೆ ಕಂಡಿತು.

ಬಿಳಿ ಬಾಟಲಿಗಳು ನನ್ನ ಬೆನ್ನ ಹಿಂದೆಯೇ ಇದ್ದವು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವಕ್ಕೆ ಬೀಗವೂ ಇರಲಿಲ್ಲ, ಅಗ್ಗದ ಮಾಲಿಗೆ ಯಾರು ಬೀಗ ಹಾಕುತ್ತಾರೆ? ತುಂಬಿಸಲು ಐದು ನಿಮಿಷ ಸಾಕು. ನಾನು ಆ ಹುಡುಗಿಯ ಮುಖ ನೋಡಿದೆ. ನನ್ನ ಕಿವಿಯಲ್ಲಿ ನನ್ನದೇ ದನಿ, ಮೂರನೆಯ ಸಲದ ಆ ಮೆತ್ತಗಿನ ದನಿ ಕೇಳುತ್ತಿತ್ತು. ಇನ್ನೆರಡು ಪರೀಕ್ಷೆ.

"ನನಗೆ ಅದೆಲ್ಲ ಗೊತ್ತಿಲ್ಲ ಮಗಾ," ಎಂದೆ. "ನಾನು ಗೋದಾಮಿನವಳು. ಯಾವುದರಲ್ಲಿ ಎಂತ ಉಂಟು ಅಂತ ಓದ್ಲಿಕ್ಕೆ ನನಗೆ ಬರುದಿಲ್ಲ. ಈಗ ಬಸ್ಮಾ ಬರ್ತಾಳೆ, ಅವಳನ್ನ ಕೇಳು."

ಅವಳು ಬೈದಿದ್ದರೆ ಚೆನ್ನಾಗಿತ್ತು. ನಿಖಾಬ್ ಇಳಿಸಿಕೊಂಡು, ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ನಾನು ಅಲ್ಲೇ ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಕೂತೆ.

ಮುಂದಿನಿಂದ ಝಾಹಿದಾ ಮೇಡಂ ದನಿ ಕೇಳಿಸಿತು. "ಇದು ಮುಗೀತಾ ಬಂತಲ್ಲ, ಇನ್ನೊಂದು ತಕ್ಕೋ. ಹೇಳ್ಬಾರ್ದಾ ಮಗಳೇ?"

ಎರಡು ನಿಮಿಷಕ್ಕೆ ಬಸ್ಮಾ ಒಳಗೆ ಬಂದು ಕಪಾಟಿನ ಬೀಗ ತೆಗೆದಳು. ಚಿನ್ನದ ಬಾಟಲಿಗಳು ಮೇಲಿನ ಅರೆಯಲ್ಲಿದ್ದವು, ಅವಳಿಗೆ ಎಟುಕುವುದಿಲ್ಲ. ನಾನು ಸ್ಟೂಲು ಹತ್ತಿ ಒಂದನ್ನು ಇಳಿಸಿ, ಧೂಳು ಒರೆಸಿ, ಅವಳ ಕೈಗೆ ಕೊಟ್ಟೆ.